ಎರಡು ಸಲ ಬರುವ ಒಂದೂವರೆ ಗಂಟೆ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಬೇಸಿಗೆಯ ಹಗಲಿನ ಬೆಳಕಿಗಾಗಿ ಮಾರ್ಚ್‌ನಲ್ಲಿ ಮುಂದಿಟ್ಟ ಗಡಿಯಾರಗಳನ್ನು ನವೆಂಬರ್ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ಸುದ್ದಿಯ ಜೊತೆಗೆ, ಇದರಿಂದ ಭಾರತಕ್ಕೆ ಏನೂ ಆಗಬೇಕಾದುದಿಲ್ಲ ಎಂಬ ಮಾತೂ ಪ್ರತಿ ವರ್ಷ ಬರುತ್ತದೆ. ನಮ್ಮ ಗೋಡೆ ಗಡಿಯಾರದ ಮಟ್ಟಿಗೆ ಅದು ನಿಜ. ಆದರೆ ನ್ಯೂಯಾರ್ಕಿನಲ್ಲಿ ನಸುಕಿನ ಎರಡು ಗಂಟೆ ಮತ್ತೆ ಒಂದು ಗಂಟೆಯಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದೂವರೆ. ಅಲ್ಲಿನ ಗ್ರಾಹಕರ ಡೇಟಾಬೇಸ್‌ಗಳನ್ನು ನೋಡಿಕೊಳ್ಳುವ ನನ್ನಂಥವರಿಗೆ ಅದು ರಜೆಯ ದಿನವಲ್ಲ.

ಸರ್ವರ್‌ನ ಗಡಿಯಾರವೇ ಹಿಂದಕ್ಕೆ ಹೋಗುತ್ತದೆ ಎಂದು ಈ ವೃತ್ತಿಯಲ್ಲಿರುವವರೂ ಎಷ್ಟೋ ಸಲ ನಂಬಿರುತ್ತಾರೆ. ಲಿನಕ್ಸ್ ಸರ್ವರ್ 1970ರ ಜನವರಿ 1ರಿಂದ ಸೆಕೆಂಡುಗಳನ್ನು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಲೆಕ್ಕದಲ್ಲಿ ಎಣಿಸುತ್ತಲೇ ಇರುತ್ತದೆ. ಬದಲಾಗುವುದು ಆ ಎಣಿಕೆಯನ್ನು ಸ್ಥಳೀಯ ಗಂಟೆಯಾಗಿ ತೋರಿಸುವ ನಿಯಮ ಮಾತ್ರ. ತೊಂದರೆ ಶುರುವಾಗುವುದು, ತೋರಿಕೆಯ ಆ ಗಂಟೆಯನ್ನೇ, ಯಾವ ಸಮಯ ವಲಯದ್ದೆಂಬ ಗುರುತಿಲ್ಲದೆ, ಡೇಟಾಬೇಸ್‌ನ ಟೇಬಲ್‌ಗೆ ಬರೆದಿಟ್ಟಾಗ. ಆ ರಾತ್ರಿ 1:50ಕ್ಕೆ ಒಂದು ಖಾತೆಗೆ ಹಣ ಜಮೆಯಾಗಿ, ಇಪ್ಪತ್ತು ನಿಮಿಷದ ನಂತರ ಅದನ್ನು ತೆಗೆದರೆ, ತೆಗೆದ ವ್ಯವಹಾರಕ್ಕೆ 1:10 ಎಂಬ ಸಮಯ ದಾಖಲಾಗುತ್ತದೆ. ಸಮಯದ ಪ್ರಕಾರ ಪಟ್ಟಿ ಮಾಡಿದರೆ, ಹಣ ಬರುವ ಮೊದಲೇ ಹೋದಂತೆ ಕಾಣುತ್ತದೆ. ಮಾರ್ಚ್‌ನ ಎರಡನೆಯ ಭಾನುವಾರ ಇದರ ತಿರುಗುಮುರುಗು: ಅಂದು ಗಡಿಯಾರ ಎರಡರಿಂದ ನೇರವಾಗಿ ಮೂರಕ್ಕೆ ಹಾರುವುದರಿಂದ 2:30 ಎಂಬ ಹೊತ್ತೇ ಇರುವುದಿಲ್ಲ, ಆ ಹೊತ್ತಿಗೆ ಗೊತ್ತುಮಾಡಿದ ಬ್ಯಾಕಪ್ ನಡೆಯಿತೋ ಇಲ್ಲವೋ ಎಂದು ಕೈಯಾರೆ ನೋಡಬೇಕಾಗುತ್ತದೆ.

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಸಮಯವನ್ನಿಡಲು ಎರಡು ಬಗೆಗಳಿವೆ: ಡೇಟ್‌ಟೈಮ್ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳುತ್ತದೆ. ಟೈಮ್‌ಸ್ಟ್ಯಾಂಪ್ ಅದನ್ನು ಯುಟಿಸಿಗೆ ಪರಿವರ್ತಿಸಿ ಇಡುತ್ತದೆಯಾದರೂ ಅದರ ವ್ಯಾಪ್ತಿ 2038ರ ಜನವರಿ 19ಕ್ಕೆ ಮುಗಿಯುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ‘ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್’ (ಸಮಯ ವಲಯದೊಂದಿಗಿನ ಸಮಯ) ಎಂಬುದಿದೆ, ಹೆಸರನ್ನು ನಂಬಿ ಮೋಸಹೋಗುವವರೇ ಹೆಚ್ಚು. ಅದು ಯುಟಿಸಿಗೆ ಪರಿವರ್ತಿಸಿದ ಮೇಲೆ ವಲಯವನ್ನು ಉಳಿಸಿಕೊಳ್ಳುವುದಿಲ್ಲ. ಅಲ್ಲದೆ, ಬರಿಯ ‘1:30’ ಎಂದು ಕೊಟ್ಟರೆ ಅದು ಮೊದಲನೆಯದೋ ಎರಡನೆಯದೋ ಎಂದು ತಿಳಿಯಲು ಯಾವ ಡೇಟಾಬೇಸ್‌ಗೂ ದಾರಿಯಿಲ್ಲ.

ಹಾಗೆಂದು ಎಲ್ಲವನ್ನೂ ಯುಟಿಸಿಯಲ್ಲಿಟ್ಟು ಕೈತೊಳೆದುಕೊಳ್ಳುವುದೂ ಸರಿಯಲ್ಲ. ನಡೆದುಹೋದ ಸಂಗತಿಗೆ ಅದು ಸಾಕು. ಮುಂದಿನ ವರ್ಷದ ಭೇಟಿಯ ಸಮಯಕ್ಕೆ ಸಾಲದು, ಏಕೆಂದರೆ ನಡುವೆ ಸರ್ಕಾರಗಳು ನಿಯಮವನ್ನೇ ಬದಲಿಸಬಹುದು. 2023ರ ಮಾರ್ಚ್‌ನಲ್ಲಿ ಲೆಬನಾನ್ ಸರ್ಕಾರ, ಗಡಿಯಾರ ಮುಂದಿಡಲು ಕೆಲವೇ ದಿನ ಉಳಿದಿದ್ದಾಗ ಅದನ್ನು ಮುಂದೂಡಿ, ಮತ್ತೆ ಕೆಲವೇ ದಿನಗಳಲ್ಲಿ ಆ ತೀರ್ಮಾನವನ್ನೂ ಹಿಂತೆಗೆದುಕೊಂಡಿತು. ಮುಂದಿನ ದಿನಾಂಕಗಳಿಗೆ ಸ್ಥಳೀಯ ಗಂಟೆಯನ್ನೂ ‘ಏಷ್ಯಾ/ಬೈರೂತ್’ ಎಂಬಂಥ ವಲಯದ ಹೆಸರನ್ನೂ ಒಟ್ಟಿಗೆ ಇಟ್ಟುಕೊಂಡವರು, ಯಾವ ವಲಯದಲ್ಲಿ ಗಡಿಯಾರ ಯಾವಾಗ ತಿರುಗುತ್ತದೆಂದು ಹೇಳುವ ನಿಯಮಗಳ ಕಡತವನ್ನು ನವೀಕರಿಸಿದರೆ ಸಾಕಿತ್ತು. ಇಲ್ಲಿಯೂ ಒಂದು ಎಚ್ಚರ ಬೇಕು: ಒರಾಕಲ್ ಡೇಟಾಬೇಸ್ ತನ್ನದೇ ವಲಯದ ಕಡತವನ್ನು, ಮೈಎಸ್‌ಕ್ಯೂಎಲ್ ತನ್ನದೇ ಟೇಬಲ್‌ಗಳನ್ನು, ಜಾವಾ ಪ್ರೋಗ್ರಾಮಿಂಗ್ ಭಾಷೆ ತನ್ನದೇ ಪ್ರತಿಯನ್ನು ಇಟ್ಟುಕೊಂಡಿರುವುದರಿಂದ, ಆಪರೇಟಿಂಗ್ ಸಿಸ್ಟಮ್ ಒಂದನ್ನೇ ನವೀಕರಿಸಿ ಸುಮ್ಮನಾಗುವಂತಿಲ್ಲ.

ಭಾರತದಲ್ಲಿಯೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಅದೂ ಸಮಯ ವಲಯಗಳ ಆ ನಿಯಮಗಳ ಕಡತದಲ್ಲಿ ದಾಖಲಾಗಿದೆ. ಆದರೂ ಇಂದು ಗಡಿಯಾರ ತಿರುಗಿಸದ ನಾಡಿನಲ್ಲಿ ಕಲಿತವರಿಗೆ ಈ ಸಮಸ್ಯೆ ಮೊದಲು ಎದುರಾಗುವುದು ಕೆಲಸಕ್ಕೆ ಸೇರಿದ ಮೇಲೆಯೇ. ಆದ್ದರಿಂದ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಡೇಟಾಬೇಸ್ ಪ್ರಯೋಗಾಲಯದಲ್ಲಿ ನ್ಯೂಯಾರ್ಕಿನ ಎರಡು ‘1:30’ಗಳನ್ನು ಬೇರೆ ಬೇರೆಯಾಗಿ ದಾಖಲಿಸಿ, ಸರಿಯಾದ ಅನುಕ್ರಮದಲ್ಲಿ ಹಿಂಪಡೆಯುವ ಒಂದು ಅಭ್ಯಾಸವನ್ನಾದರೂ ಸೇರಿಸಬೇಕೆಂದು ಪಠ್ಯಕ್ರಮ ರೂಪಿಸುವವರನ್ನು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಡೇಟಾಬೇಸ್ ನಿರ್ವಾಹಕ, ಬೆಂಗಳೂರು