ಇನ್ನು ಮೇಲೆ ಮೊದಲು ತೂಕ, ಆಮೇಲೆ ಫಿಟ್ಟಿಂಗ್: ನಮ್ಮ ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ಬರುವ ತಿಂಗಳಿಂದ ನಮ್ಮ ವರ್ಕ್‌ಶಾಪ್‌ನಲ್ಲಿ ಕೆಲಸದ ಕ್ರಮ ಬದಲಾಗುತ್ತಿದೆ. ನಿಮ್ಮ ಆಫ್‌ರೋಡ್ ಎಸ್‌ಯುವಿಗೆ ಬಂಪರ್, ವಿಂಚ್ (ಹೂತ ಗಾಡಿಯನ್ನು ಹಗ್ಗದಿಂದ ಎಳೆಯುವ ಮೋಟರ್), ರೂಫ್ ರ‍್ಯಾಕ್, ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಏನೇ ಹಾಕಿಸಲು ಬಂದರೂ ಮೊದಲು ಗಾಡಿಯನ್ನು ತೂಕಕ್ಕೆ ಹಾಕುತ್ತೇವೆ. ಒಟ್ಟು ತೂಕವಷ್ಟೇ ಅಲ್ಲ, ಮುಂದಿನ ಆಕ್ಸಲ್ (ಎರಡು ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲೆ ಎಷ್ಟು, ಹಿಂದಿನದರ ಮೇಲೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದುಕೊಳ್ಳುತ್ತೇವೆ. ನೀವು ಹಾಕಿಸಬೇಕೆಂದಿರುವ ಸಾಮಾನು, ಗಾಡಿಯಲ್ಲಿ ಸಾಮಾನ್ಯವಾಗಿ ಕೂರುವ ಜನ, ಕೊಂಡೊಯ್ಯುವ ನೀರು, ಇಂಧನ ಎಲ್ಲವನ್ನೂ ಅದಕ್ಕೆ ಕೂಡುತ್ತೇವೆ. ಕಂಪನಿ ಹಾಕಿಕೊಟ್ಟ ಮಿತಿಯೊಳಗೆ ಲೆಕ್ಕ ಕೂತರೆ ಕೆಲಸ ಶುರು. ಕೂರದಿದ್ದರೆ ಆ ಕೆಲಸ ನಾವು ಮಾಡುವುದಿಲ್ಲ. ಎಷ್ಟೇ ಹಳೆಯ ಪರಿಚಯವಿದ್ದರೂ ಇದರಲ್ಲಿ ರಿಯಾಯಿತಿ ಇಲ್ಲ.

ಇದೇನು ಹೊಸ ತರಲೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಹೇಳುತ್ತೇವೆ, ಸ್ವಲ್ಪ ವಿವರವಾಗಿಯೇ.

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ, ಕೆಲವು ಗಾಡಿಗಳಲ್ಲಿ ಬಾನೆಟ್ ಕೆಳಗೆ, ಒಂದು ಸಣ್ಣ ಪ್ಲೇಟ್ ಅಥವಾ ಸ್ಟಿಕ್ಕರ್ ಇರುತ್ತದೆ. ಗಾಡಿ, ಜನ, ಸಾಮಾನು, ಇಂಧನ ಎಲ್ಲ ಸೇರಿ ಎಷ್ಟು ತೂಗಬಹುದು ಎಂಬ ಗರಿಷ್ಠ ಮಿತಿ ಅದರಲ್ಲಿರುತ್ತದೆ. ಎರಡೂ ಆಕ್ಸಲ್‌ಗಳ ಮಿತಿಯನ್ನು ಬಹುತೇಕ ಕಂಪನಿಗಳು ಅಲ್ಲೇ ನಮೂದಿಸಿರುತ್ತವೆ. ಆಕ್ಸಲ್‌ಗಳ ಎರಡು ಅಂಕಿ ಕೂಡಿದರೆ ಸಾಮಾನ್ಯವಾಗಿ ಒಟ್ಟು ಮಿತಿಗಿಂತ ಜಾಸ್ತಿಯೇ ಬರುತ್ತದೆ. ಹಾಗಂತ ಅಷ್ಟು ಹೇರಬಹುದು ಎಂದಲ್ಲ. ಮೂರರಲ್ಲಿ ಯಾವುದನ್ನೂ ಮೀರುವಂತಿಲ್ಲ. ಈ ಪ್ಲೇಟನ್ನು ಓದಿದವರು ಕಡಿಮೆ. ಗಾಡಿ ಕೊಳ್ಳುವಾಗ ಗ್ರೌಂಡ್ ಕ್ಲಿಯರೆನ್ಸ್ ಎಷ್ಟು ಎಂದು ಕೇಳದವರಿಲ್ಲ, ಎಷ್ಟು ಭಾರ ಹೊರುತ್ತದೆ ಎಂದು ಕೇಳಿದವರನ್ನು ನಾವಂತೂ ಹೆಚ್ಚು ಕಂಡಿಲ್ಲ.

ಒಂದು ಲೆಕ್ಕ ನೋಡೋಣ. ಖಾಲಿ ಗಾಡಿ 2,050 ಕೆಜಿ, ಒಟ್ಟು ಮಿತಿ 2,600 ಕೆಜಿ ಎಂದಿಟ್ಟುಕೊಳ್ಳಿ. ನಿಮ್ಮ ಕೈಯಲ್ಲಿ ಉಳಿದದ್ದು 550 ಕೆಜಿ. ಇದು ತಿಂಗಳ ಸಂಬಳ ಇದ್ದಂತೆ, ಕಂತುಗಳಿಗೇ ಮುಗಿಸಿದರೆ ಊಟಕ್ಕೆ ಉಳಿಯುವುದಿಲ್ಲ. ಉಕ್ಕಿನ ಮುಂದಿನ ಬಂಪರ್ 60 ಕೆಜಿ, ವಿಂಚ್ 40. ಬಾಗಿಲ ಕೆಳಗೆ ಕಲ್ಲು ತಾಗದಂತೆ ಕಾಯುವ ರಾಕ್ ಸ್ಲೈಡರ್ ಎರಡೂ ಪಕ್ಕದ್ದು ಸೇರಿ 40, ಹೊಟ್ಟೆಯ ಕೆಳಗಿನ ರಕ್ಷಣಾ ತಗಡುಗಳು 40. ರೂಫ್ ರ‍್ಯಾಕ್ 30, ಅದರ ಮೇಲಿನ ಟೆಂಟ್ 60. ಡಿಕ್ಕಿಯಲ್ಲಿ ಡ್ರಾಯರ್ 60, ತುಂಬಿದ ಫ್ರಿಜ್ 40, ಎರಡನೇ ಬ್ಯಾಟರಿ 25. ದಪ್ಪ ಗೋಡೆಯ ಆಲ್ ಟೆರೇನ್ ಟೈರ್ ಒಂದಕ್ಕೆ 5 ಕೆಜಿ ಹೆಚ್ಚೆಂದರೂ ಸ್ಟೆಪ್ನಿ ಸೇರಿ 25. ಕೂಡಿದರೆ 420 ಕೆಜಿ. ಇನ್ನು ಉಳಿದದ್ದು 130. ತಲಾ 75 ಕೆಜಿಯ ಇಬ್ಬರು ಕೂತರೇ ಮಿತಿ ದಾಟಿತು, ಇನ್ನೂ ಒಂದು ಬ್ಯಾಗು ಒಳಗೆ ಬಂದಿಲ್ಲ. 20 ಲೀಟರಿನ ಎರಡು ಕ್ಯಾನ್ ನೀರು ಇಟ್ಟರೆ ಮತ್ತೆ 40 ಕೆಜಿ.

ಇದರಲ್ಲಿ ಯಾವ ವಸ್ತುವೂ ಅತಿಯೆನಿಸುವಂಥದ್ದಲ್ಲ. ತೊಂದರೆ ಇರುವುದು ಅಲ್ಲೇ. ಯಾರೂ ಒಂದೇ ದಿನ ಇಷ್ಟನ್ನೂ ಹಾಕಿಸುವುದಿಲ್ಲ. ಈ ವರ್ಷ ಬಂಪರ್, ಮುಂದಿನ ವರ್ಷ ಟೆಂಟ್, ಆಮೇಲೆ ಯಾರೋ ಕಡಿಮೆಗೆ ಮಾರಿದ ಡ್ರಾಯರ್. ಒಂದೊಂದನ್ನೂ ಬೇರೆ ಬೇರೆ ಕಡೆ ಹಾಕಿಸಿದಾಗ ಒಟ್ಟು ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಅದನ್ನು ಇಟ್ಟುಕೊಳ್ಳುವ ಕೆಲಸ ಇನ್ನು ನಮ್ಮದು.

ಖಾಲಿ ತೂಕದ ಬಗ್ಗೆ ಒಂದು ಎಚ್ಚರಿಕೆ. ಬ್ರೋಷರ್‌ನಲ್ಲಿರುವ ಅಂಕಿಯನ್ನು ಹಾಗೇ ನಂಬಿ ಲೆಕ್ಕ ಹಾಕಬೇಡಿ. ಯುರೋಪಿನ ಕ್ರಮದಲ್ಲಿ 75 ಕೆಜಿಯ ಡ್ರೈವರ್ ಮತ್ತು ಶೇ. 90ರಷ್ಟು ತುಂಬಿದ ಟ್ಯಾಂಕ್ ಆ ತೂಕದಲ್ಲಿ ಸೇರಿರುತ್ತದೆ. ಬೇರೆ ಹಲವು ಕಡೆ ಡ್ರೈವರ್ ಸೇರಿರುವುದಿಲ್ಲ. ಸನ್‌ರೂಫ್ ಇರುವ ಮಾಡೆಲ್ಲಿಗೂ ಇಲ್ಲದ್ದಕ್ಕೂ ವ್ಯತ್ಯಾಸವಿರುತ್ತದೆ. ಅದಕ್ಕೇ ನಿಮ್ಮದೇ ಗಾಡಿಯನ್ನು ತೂಗಬೇಕು, ಅದೇ ಮಾಡೆಲ್ಲಿನ ಬೇರೊಂದನ್ನಲ್ಲ.

ಇನ್ನು ಮುಂದಿನ ಬಂಪರ್ ಮತ್ತು ವಿಂಚ್. ಇವೆರಡರ ಬಗ್ಗೆಯೇ ಹೆಚ್ಚು ವಾದ ನಡೆಯುವುದು, ಆದ್ದರಿಂದ ಬಿಡಿಸಿ ಹೇಳುತ್ತೇವೆ. ಇವು ಕೂರುವುದು ಮುಂದಿನ ಆಕ್ಸಲ್‌ಗಿಂತಲೂ ಮುಂದೆ. 100 ಕೆಜಿ ಸಾಮಾನು ಆಕ್ಸಲ್‌ನಿಂದ 90 ಸೆಂ.ಮೀ. ಮುಂದಿದೆ, ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ದೂರ) 2.7 ಮೀಟರ್ ಎಂದುಕೊಳ್ಳಿ. ಮುಂದಿನ ಆಕ್ಸಲ್ ಮೇಲೆ ಬೀಳುವುದು 100 ಅಲ್ಲ, ಸುಮಾರು 133 ಕೆಜಿ. ಆ ಹೆಚ್ಚುವರಿ 33 ಎಲ್ಲಿಂದ ಬಂತು? ಹಿಂದಿನ ಆಕ್ಸಲ್‌ನಿಂದ. ಮೂತಿ ತಗ್ಗಿದಷ್ಟೂ ಹಿಂಭಾಗ ಹಗುರಾಗುತ್ತದೆ. ಒಟ್ಟು ತೂಕ ಮಿತಿಯೊಳಗೇ ಇದ್ದು ಮುಂದಿನ ಆಕ್ಸಲ್ ಮಾತ್ರ ಮೀರುವುದು ಹೀಗೆ. ವೇಬ್ರಿಡ್ಜ್ ಮೇಲೆ ಇಡೀ ಗಾಡಿ ನಿಲ್ಲಿಸಿ ಒಂದೇ ಅಂಕಿ ನೋಡಿ ಬಂದವರಿಗೆ ಇದು ಗೊತ್ತಾಗುವುದಿಲ್ಲ.

‘ಹಿಂದೆ ಸ್ಟೆಪ್ನಿ ಕ್ಯಾರಿಯರ್, ಜೆರಿಕ್ಯಾನ್ ಹಾಕಿಸುತ್ತೇನೆ, ಸಮ ಆಗುತ್ತದೆ’ ಎಂಬುದು ಇದಕ್ಕೆ ಬರುವ ಸಾಮಾನ್ಯ ಉತ್ತರ. ಕಣ್ಣಿಗೆ ಸಮ ಕಾಣುತ್ತದೆ, ನಿಜ. ಆದರೆ ಒಟ್ಟು ಭಾರ ಏರಿತು, ಅದೂ ಎರಡೂ ತುದಿಗಳಲ್ಲಿ. ತಿರುವಿನಲ್ಲಿ ಅಂಥ ಗಾಡಿ ತಡವಾಗಿ ತಿರುಗುತ್ತದೆ, ಒಮ್ಮೆ ಬಾಲ ಬೀಸಿದರೆ ಹಿಡಿತಕ್ಕೆ ತರುವುದೂ ತಡ. ಅದೇ ಭಾರವನ್ನು ಎರಡು ಆಕ್ಸಲ್‌ಗಳ ನಡುವೆ, ಆದಷ್ಟು ತಗ್ಗಿನಲ್ಲಿ ಇಟ್ಟರೆ ಗಾಡಿ ಅಷ್ಟು ದೂರುವುದಿಲ್ಲ. ನೀರಿನ ಟ್ಯಾಂಕ್ ಹಾಕಿಸುವವರಿಗೆ ಹಿಂದಿನ ಸೀಟಿನ ಕಾಲಿಡುವ ಜಾಗ ತೋರಿಸುವುದು ಇದೇ ಕಾರಣಕ್ಕೆ.

ವಿಂಚ್ ಬೇಕೇ ಬೇಕು ಎನ್ನುವವರಿಗೆ: ಗಾಡಿಯ ಒಟ್ಟು ಮಿತಿಯ ಒಂದೂವರೆ ಪಟ್ಟು ಎಳೆಯುವ ಶಕ್ತಿ ಇರಬೇಕೆಂಬುದು ನಡೆದು ಬಂದ ಲೆಕ್ಕ. ಮೇಲಿನ ಗಾಡಿಗೆ 3,900 ಕೆಜಿ ಆಯಿತು. 9,500 ಪೌಂಡಿನದು, ಅಂದರೆ ಸುಮಾರು 4,300 ಕೆಜಿಯದು ಸಾಕು. ಆದರೆ ಡಬ್ಬಿಯ ಮೇಲಿನ ಆ ಅಂಕಿ ಡ್ರಮ್ಮಿನ ಮೇಲೆ ಹಗ್ಗದ ಒಂದೇ ಪದರ ಉಳಿದಿದ್ದಾಗಿನದು. ಪದರ ಏರಿದಂತೆ ಬಲ ಇಳಿಯುತ್ತದೆ, ಹೊರಗಿನ ಪದರಕ್ಕೆ ಬರುವಷ್ಟರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆ. ಇನ್ನೂ ದೊಡ್ಡ ವಿಂಚ್ ಕೊಳ್ಳುವ ಬದಲು ಒಂದು ರಾಟೆ ಇಟ್ಟುಕೊಂಡು ಹಗ್ಗವನ್ನು ಗಾಡಿಗೇ ಮರಳಿ ತಂದು ಕಟ್ಟಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಉಕ್ಕಿನ ಹಗ್ಗದ ಬದಲು ಸಿಂಥೆಟಿಕ್ ಹಾಕಿದರೆ ಮೂತಿಯಿಂದ ಹಲವು ಕಿಲೋ ಇಳಿಯುತ್ತದೆ. ಬಿಸಿಲು ಮತ್ತು ಕಲ್ಲಿನ ಉಜ್ಜು ಅದಕ್ಕೆ ಆಗದು, ಆಗಾಗ ಬಿಚ್ಚಿ ನೋಡಬೇಕು.

ಎರಡನೆಯ ಬದಲಾವಣೆ ಸಸ್ಪೆನ್ಶನ್‌ನದು. ಇಲ್ಲಿಯವರೆಗೆ ಹೆಚ್ಚಿನವರು ಮೊದಲು ಲಿಫ್ಟ್ ಕಿಟ್ ಹಾಕಿಸಿ ಆಮೇಲೆ ಉಳಿದದ್ದು ನೋಡೋಣ ಎನ್ನುತ್ತಿದ್ದರು. ಇನ್ನು ಮುಂದೆ ಸ್ಪ್ರಿಂಗ್ ಕೊನೆಗೆ. ಸ್ಪ್ರಿಂಗುಗಳು ಬರುವುದೇ ಸದಾ ಹೊರುವ ಭಾರದ ಲೆಕ್ಕದಲ್ಲಿ: ಹೆಚ್ಚುವರಿ ಭಾರ ಇಲ್ಲದವರಿಗೆ ಒಂದು, ಮುಂದೆ ಬಂಪರ್ ಇರುವವರಿಗೆ ಒಂದು, ಬಂಪರ್ ಜತೆ ವಿಂಚ್ ಇರುವವರಿಗೆ ಮತ್ತೊಂದು. ಏನು ಹೊರಬೇಕೆಂದು ತೀರ್ಮಾನವಾಗದೆ ಸ್ಪ್ರಿಂಗ್ ಆರಿಸುವುದು ಬರೀ ಊಹೆ. ಬಂಪರ್ ಬರಲಿದೆ ಎಂದು ಗಟ್ಟಿ ಸ್ಪ್ರಿಂಗ್ ಹಾಕಿಸಿಕೊಂಡು, ಬಂಪರ್ ಬಾರದೇ ಉಳಿದರೆ, ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತದೆ, ಬ್ರೇಕ್ ಹಾಕುವಾಗ ಹಿಡಿತವೇ ಇರುವುದಿಲ್ಲ.

ಎಷ್ಟು ಎತ್ತರಿಸುತ್ತೀರಿ ಎಂದು ಕೇಳಿದರೆ 50 ಮಿ.ಮೀ. ಹತ್ತಿರ, ಅದಕ್ಕಿಂತ ಮೇಲೆ ಬೇಡ ಎನ್ನುತ್ತೇವೆ. ಎತ್ತರ ಏರಿದಂತೆ ಮುಂದಿನ ಡ್ರೈವ್‌ಶಾಫ್ಟಿನ ಸಿವಿ ಜಾಯಿಂಟ್ (ಚಕ್ರ ಏರಿಳಿದು ತಿರುಗುವಾಗಲೂ ಶಕ್ತಿ ದಾಟಿಸುವ ಕೀಲು) ಹೆಚ್ಚು ಕೋನದಲ್ಲಿ ತಿರುಗಿ ಬೇಗ ಸವೆಯುತ್ತದೆ. ಕ್ಯಾಸ್ಟರ್ ಕೋನ (ಸ್ಟೀರಿಂಗ್ ಅಕ್ಷದ ಹಿಂದಕ್ಕಿನ ಓರೆ) ಕಡಿಮೆಯಾಗಿ ನೇರ ರಸ್ತೆಯಲ್ಲೂ ಸ್ಟೀರಿಂಗ್ ಅತ್ತಿತ್ತ ಅಲೆಯುತ್ತದೆ. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಗಾಜಿನ ಹಿಂದೆ ಕ್ಯಾಮೆರಾ, ಗ್ರಿಲ್ ಹಿಂದೆ ರೇಡಾರ್ ಇರುವ ಹೊಸ ಗಾಡಿಗಳಲ್ಲಿ ಅವನ್ನೂ ಮತ್ತೆ ಹೊಂದಿಸಬೇಕು, ಇಲ್ಲದಿದ್ದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ನೋಡುತ್ತಿರುವುದು ಎಲ್ಲಿಗೋ. ಅಲೈನ್‌ಮೆಂಟ್ ಮತ್ತು ಲೈಟ್ ಹೊಂದಿಸುವ ಕೆಲಸವನ್ನು ಇನ್ನು ಲಿಫ್ಟ್ ಜತೆಗೇ ಸೇರಿಸುತ್ತೇವೆ, ಬೇಡ ಎನ್ನುವ ಆಯ್ಕೆ ಇರುವುದಿಲ್ಲ.

ಮತ್ತೊಂದು ನಂಬಿಕೆ ಬಿಡಿಸಲೇಬೇಕು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಗಾಡಿಯ ತೂಕದ ಮಿತಿ ಏರುವುದಿಲ್ಲ. ಬಾಲ ಜಗ್ಗುವುದು ನಿಲ್ಲುತ್ತದೆ, ಅಷ್ಟೆ. ಬ್ರೇಕು, ವೀಲ್ ಬೇರಿಂಗು, ಆಕ್ಸಲ್, ಚಾಸಿ ಹಳೆಯವೇ. ಕೆಲವು ದೇಶಗಳಲ್ಲಿ ಎಂಜಿನಿಯರ್ ಪರಿಶೀಲಿಸಿ ಹೊಸ ಮಿತಿಯ ಪ್ರಮಾಣಪತ್ರ ಕೊಡುವ ಕ್ರಮವಿದೆ. ಆ ಕಾಗದ ತಂದರೆ ಹೊಸ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ.

ಛಾವಣಿಯ ಲೆಕ್ಕ ಬೇರೆ. ಓಡುವಾಗ ಛಾವಣಿ ಹೊರಬಹುದಾದ ಭಾರ ಅನೇಕ ಗಾಡಿಗಳಲ್ಲಿ 75ರಿಂದ 100 ಕೆಜಿ, ರ‍್ಯಾಕಿನ ತೂಕವೂ ಅದರೊಳಗೇ ಬರಬೇಕು. ಒರಟು ದಾರಿಗೆ ಇನ್ನೂ ಕಡಿಮೆ. ನಿಂತ ಗಾಡಿಯ ಮೇಲೆ ಇಬ್ಬರು ಮಲಗಬಹುದಲ್ಲ ಎಂದರೆ, ಹೌದು, ನಿಂತಾಗ ತಡೆಯುವ ಭಾರ ಹೆಚ್ಚು. ಅಡ್ಡ ಇಳಿಜಾರಿನಲ್ಲಿ ಓಲಾಡುವಾಗ ಆ ಮಾತು ನಡೆಯುವುದಿಲ್ಲ.

ಹೊರಗೆ ಕೊಂಡು ತಂದ ಸಾಮಾನು ಹಾಕಿಕೊಡುವುದನ್ನು ನಾವು ನಿಲ್ಲಿಸುತ್ತಿಲ್ಲ. ಮುಂದಿನ ಬಂಪರ್‌ಗೆ ಮಾತ್ರ ಒಂದು ಷರತ್ತು: ಏರ್‌ಬ್ಯಾಗ್ ಇರುವ ನಿಮ್ಮದೇ ಮಾಡೆಲ್ಲಿಗೆ ಹೊಂದುತ್ತದೆ ಎಂದು ತಯಾರಕರು ಬರೆದುಕೊಟ್ಟಿರಬೇಕು. ಡಿಕ್ಕಿ ಹೊಡೆದಾಗ ಮೂತಿ ಎಷ್ಟು ಬೇಗ ಕುಗ್ಗುತ್ತದೆ ಎಂಬುದರ ಮೇಲೆ ಏರ್‌ಬ್ಯಾಗ್ ಬಿಚ್ಚುವ ಗಳಿಗೆ ನಿಂತಿದೆ. ಅಳತೆ ನೋಡಿ ಬೆಸುಗೆ ಹಾಕಿದ ಬಂಪರ್ ಆ ಲೆಕ್ಕವನ್ನು ಕೆಡಿಸುತ್ತದೆ. ಕಾಲ್ನಡಿಗೆಯವರಿಗೆ ತಗುಲಿದರಂತೂ ಇನ್ನೂ ಕೇಡು. ಇಂಥ ಬಂಪರ್ ಪೂರ್ತಿ ನಿಷಿದ್ಧವಾಗಿರುವ ಕಡೆಗಳೂ ಇವೆ. ಗಾಡಿ ನೋಂದಣಿಯಾದ ಜಾಗದ ನಿಯಮ, ಹಾಗೇ ನಿಮ್ಮ ವಿಮೆಯ ಷರತ್ತು, ಎರಡನ್ನೂ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ವೈರಿಂಗ್‌ನಲ್ಲಿ ನಮ್ಮ ಕ್ರಮ ಹಳೆಯದೇ. ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರ, ಯಾಕೆಂದರೆ ಅದು ಕಾಯುವುದು ಲೈಟನ್ನಲ್ಲ, ವೈರನ್ನು. ಹೆಡ್‌ಲೈಟ್ ವೈರ್ ಸುಲಿದು ಹೊಸ ಲೈಟಿಗೆ ಕರೆಂಟ್ ತೆಗೆಯುವುದಿಲ್ಲ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹರಿಸುವ ಸ್ವಿಚ್) ಹಾಕುತ್ತೇವೆ. ಪೂರ್ತಿ ಎಳೆತದಲ್ಲಿ ವಿಂಚ್ 400 ಆಂಪಿಯರ್ ಆಸುಪಾಸು ಕುಡಿಯುತ್ತದೆ ಎಂಬುದನ್ನೂ ನೆನಪಿಡಿ.

ಹಾಗಾದರೆ ಮೊದಲು ಏನು ಹಾಕಿಸಬೇಕು? ನಮ್ಮನ್ನು ಕೇಳಿದರೆ ಗಾಡಿಗೆ ಬೋಲ್ಟ್ ಮಾಡುವ ಸಾಮಾನಿಗಿಂತ ಮುಂಚೆ ಒಂದು ಒಳ್ಳೆಯ ಕಂಪ್ರೆಸರ್ ಮತ್ತು ಗಾಳಿ ಅಳೆಯುವ ಗೇಜ್. ಮರಳಿನಲ್ಲಿ ಗಾಳಿಯನ್ನು 15ರಿಂದ 18 ಪಿಎಸ್‌ಐಗೆ ಇಳಿಸಿದರೆ ಟೈರ್ ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ, ಹೂತ ಗಾಡಿ ಎಷ್ಟೋ ಸಲ ಅಷ್ಟಕ್ಕೇ ಎದ್ದು ಬರುತ್ತದೆ. ವಾಪಸು ಡಾಂಬರು ರಸ್ತೆ ಹತ್ತುವ ಮುಂಚೆ ತುಂಬಿಸಲೇಬೇಕು, ಗಾಳಿ ಕಡಿಮೆಯಿದ್ದು ವೇಗವಾಗಿ ಓಡಿಸಿದರೆ ಟೈರ್ ಕಾದು ಸಿಡಿಯಬಹುದು. ಆಮೇಲೆ ಚಾಸಿಗೆ ಕೂರುವ, ಎಷ್ಟು ಎಳೆತ ತಡೆಯುತ್ತದೆ ಎಂದು ನಮೂದಾಗಿರುವ, ಹೂತ ಗಾಡಿ ಎಳೆದು ತೆಗೆಯುವ ರಿಕವರಿ ಹುಕ್‌ಗಳು, ಒಂದು ಸಲಿಕೆ. ಹಡಗಿನಲ್ಲೋ ಲಾರಿಯಲ್ಲೋ ಗಾಡಿ ಕಟ್ಟಲು ಕಂಪನಿ ಕೊಟ್ಟ ಸಣ್ಣ ಕೊಂಡಿ ರಿಕವರಿಗಲ್ಲ. ಟ್ರೇಲರ್ ಕಟ್ಟುವ ಟೋ ಬಾಲ್ ಅಂತೂ ಖಂಡಿತ ಅಲ್ಲ. ಎಳೆತಕ್ಕೆ ಅದು ಮುರಿದು ಗುಂಡಿನಂತೆ ಹಾರಿ ಜನ ಸತ್ತಿದ್ದಾರೆ. ಇಷ್ಟೆಲ್ಲ ಸೇರಿದರೂ 20 ಕೆಜಿ ಆಸುಪಾಸು. ಇವನ್ನು ಮಾರಿದರೆ ನಮಗೆ ಉಳಿಯುವುದು ಬಂಪರ್ ಮಾರಿದಷ್ಟಲ್ಲ, ಆದರೂ ಹೇಳುತ್ತಿದ್ದೇವೆ.

ದೊಡ್ಡ ಟೈರ್ ಬೇಕೆನ್ನುವವರು ಸ್ಟೆಪ್ನಿಯನ್ನೂ ಅದೇ ಅಳತೆಗೆ ಬದಲಿಸಬೇಕು. ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಒಂದು ಚಕ್ರ ಚಿಕ್ಕದಾದರೆ ನಡುವಿನ ಡಿಫರೆನ್ಶಿಯಲ್ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರುಗಳು) ಬಿಡುವಿಲ್ಲದೆ ತಿರುಗಿ ಹಾಳಾಗುತ್ತದೆ. ವ್ಯಾಸ ಶೇ. 5ರಷ್ಟು ಏರಿದರೆ ಮೀಟರ್ 100 ತೋರಿಸುವಾಗ ಚಕ್ರ ಅದಕ್ಕಿಂತ 5 ಹೆಚ್ಚು ಓಡುತ್ತಿರುತ್ತದೆ, ಬ್ರೇಕಿಗೂ ಅಷ್ಟು ಕೆಲಸ ಹೆಚ್ಚು.

ಈಗಾಗಲೇ ದಿನ ಗೊತ್ತು ಮಾಡಿಕೊಂಡು ಮುಂಗಡ ಕೊಟ್ಟವರಿಗೂ ತೂಕದ ಕ್ರಮ ಅನ್ವಯಿಸುತ್ತದೆ. ಲೆಕ್ಕ ಕೂರದಿದ್ದರೆ ಹಗುರವಾದ ಬೇರೆ ಸಾಮಾನು ಸೂಚಿಸುತ್ತೇವೆ, ಬೇಡವೆಂದರೆ ಮುಂಗಡ ಪೂರ್ತಿ ವಾಪಸು. ತೂಗುವುದಕ್ಕೆ ಬೇರೆ ಹಣವಿಲ್ಲ. ಕೆಲಸ ಮುಗಿದ ಮೇಲೆ ಮತ್ತೊಮ್ಮೆ ತೂಗಿ ಎರಡೂ ಚೀಟಿಗಳನ್ನು ಕೈಗೆ ಕೊಡುತ್ತೇವೆ, ಗಾಡಿ ಮಾರುವಾಗ ಕೊಳ್ಳುವವರಿಗೂ ಅದು ಬೇಕಾಗುತ್ತದೆ. 1,000 ಕಿ.ಮೀ. ಓಡಿದ ಮೇಲೆ ಬಂದರೆ ಎಲ್ಲ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೆ ನೋಡಿಕೊಡುತ್ತೇವೆ. ದಯವಿಟ್ಟು ಬನ್ನಿ, ಹೊಸ ಬೋಲ್ಟು ಕೂತುಕೊಳ್ಳುವಾಗ ಸಡಿಲವಾಗುವುದು ಸಹಜ.

ತೂಕಕ್ಕೆ ಬರುವ ದಿನ ಟ್ಯಾಂಕ್ ತುಂಬಿಸಿಕೊಂಡು ಬನ್ನಿ. ಗಾಡಿಯಲ್ಲಿ ಸದಾ ಇರುವ ಟೂಲ್‌ಬಾಕ್ಸ್, ಹಗ್ಗ, ಕುರ್ಚಿ ಏನನ್ನೂ ಇಳಿಸಬೇಡಿ. ಮನೆಯಲ್ಲೇ ಇಳಿಸಿ ಹಗುರ ಮಾಡಿಕೊಂಡು ಬರುವವರೂ ಕೆಲವರು ಇರುತ್ತಾರೆ ಎಂಬುದು ನಮಗೆ ಗೊತ್ತು. ಡಿಕ್ಕಿಯ ಮ್ಯಾಟಿನ ಮೇಲಿನ ಅಚ್ಚು ನೋಡಿದರೆ ತಿಳಿಯುತ್ತದೆ.

ಇಂತಿ ನಿಮ್ಮ ವಿಶ್ವಾಸಿಗಳು,
ವರ್ಕ್‌ಶಾಪ್‌ನ ಎಲ್ಲರ ಪರವಾಗಿ