ಸವೆಯದ ಕ್ಲಚ್ ಪ್ಲೇಟ್ ಬದಲಾಯಿಸಿ 16,840 ರೂಪಾಯಿ ಬಿಲ್ ಮಾಡಿದ್ದೀರಿ

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ ಸರ್. ಕಳೆದ ತಿಂಗಳು 7ನೇ ತಾರೀಕು ನನ್ನ ಕಾರನ್ನು ನಿಮ್ಮಲ್ಲಿ ಬಿಟ್ಟಿದ್ದೆ. ಕ್ಲಚ್ ಹೋಗಿದೆ ಅಂತ ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಹೊಸದು ಹಾಕಿದಿರಿ. ಬಿಲ್ 16,840 ರೂಪಾಯಿ. ಹನ್ನೊಂದೇ ದಿನಕ್ಕೆ ಅದೇ ತೊಂದರೆ ಮತ್ತೆ ಬಂತು. ಅದೂ ಚಾರ್ಮಾಡಿ ಘಾಟಿಯ ತಿರುವಿನಲ್ಲಿ, ಪಕ್ಕದಲ್ಲಿ ಅಮ್ಮ ಕೂತಿದ್ದಾಗ.

ಗಾಡಿ ಬಿಡುವಾಗ ಹೇಳಿದ್ದನ್ನೇ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ, ಯಾಕೆಂದರೆ ನಿಮ್ಮ ಅಡ್ವೈಸರ್ ಜಾಬ್ ಕಾರ್ಡಿನಲ್ಲಿ 'ಕ್ಲಚ್ ಚೆಕ್' ಅಂತ ಎರಡು ಪದ ಗೀಚಿ ಮುಗಿಸಿದರು. ಪೆಡಲ್ ಮೆತ್ತಗಾಗಿದೆ, ಬೆಳಿಗ್ಗೆ ಮೊದಲ ಸಲ ತುಳಿದರೆ ಸೀದಾ ತಳಕ್ಕೆ ಹೋಗುತ್ತದೆ. ಎಂಜಿನ್ ಆಫ್ ಇದ್ದಾಗ ಎಲ್ಲಾ ಗೇರೂ ಸಲೀಸಾಗಿ ಬೀಳುತ್ತವೆ, ಸ್ಟಾರ್ಟ್ ಮಾಡಿದ ಮೇಲೆ ಫಸ್ಟ್ ಬೀಳಲ್ಲ, ರಿವರ್ಸ್ ಹಾಕಿದರೆ ಕರಕರ ಅನ್ನುತ್ತದೆ. ಪೆಡಲನ್ನು ಎರಡು ಮೂರು ಸಲ ಪಟಪಟ ತುಳಿದರೆ ಆಮೇಲೆ ಬೀಳುತ್ತದೆ. ಘಾಟಿ ಹತ್ತುವಾಗ ಪಿಕಪ್ ಚೆನ್ನಾಗಿದೆ, ಸುಟ್ಟ ವಾಸನೆಯೂ ಇಲ್ಲ. ಇಷ್ಟೂ ಹೇಳಿದ್ದೆ. ಅದಕ್ಕೆ ಬಂದ ಉತ್ತರ: "ಮೇಡಂ, ನೀವೇ ಓಡಿಸೋದಾ? ಹಾಗಾದ್ರೆ ಕ್ಲಚ್ ಮೇಲೇ ಕಾಲಿಟ್ಟಿರ್ತೀರಿ ಬಿಡಿ, ಪ್ಲೇಟ್ ಸವೆದಿರುತ್ತೆ." ಹನ್ನೆರಡು ವರ್ಷದಿಂದ ಇದೇ ಘಾಟಿಯಲ್ಲಿ ಮೂಡಿಗೆರೆಯಿಂದ ಉಜಿರೆಗೆ ಓಡಾಡುತ್ತಿದ್ದೇನೆ ಸರ್. ಆ ಮಾತಿನಿಂದ ನನಗೆ ನಿಜಕ್ಕೂ ನೋವಾಗಿದೆ.

ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ ಅಲ್ವಾ? ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ನನ್ನ ಗಾಡಿಯ ಕ್ಲಚ್ ಚೆನ್ನಾಗಿ ಹಿಡಿಯುತ್ತಿತ್ತು, ಪೆಡಲ್ ತುಳಿದಾಗ ಪೂರ್ತಿ ಬಿಡುತ್ತಿರಲಿಲ್ಲ. ಎರಡೂ ಬೇರೆ ಬೇರೆ ತೊಂದರೆ. ಹ್ಯಾಂಡ್‌ಬ್ರೇಕ್ ಎಳೆದು, ಥರ್ಡ್ ಗೇರ್ ಹಾಕಿ ನಿಧಾನವಾಗಿ ಕ್ಲಚ್ ಬಿಟ್ಟಾಗ ಎಂಜಿನ್ ಆಫ್ ಆದರೆ ಪ್ಲೇಟ್ ಹಿಡಿಯುತ್ತಿದೆ ಅಂತಲೇ ಅರ್ಥ. ಎರಡು ನಿಮಿಷದ ಕೆಲಸ. ನಾನು ಎದುರಿಗೇ ನಿಂತಿದ್ದೆ, ಯಾರೂ ಇದನ್ನು ಮಾಡಿ ನೋಡಲಿಲ್ಲ, ಬಾನೆಟ್ ಕೂಡ ಎತ್ತದೆ ಎಸ್ಟಿಮೇಟ್ ಕೈಗೆ ಕೊಟ್ಟರು.

18ನೇ ತಾರೀಕು ಘಾಟಿಯಲ್ಲಿ ಥರ್ಡ್‌ನಿಂದ ಸೆಕೆಂಡಿಗೆ ಗೇರ್ ಬೀಳಲಿಲ್ಲ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಪೆಡಲ್ ತುಳಿದೂ ತುಳಿದೂ ಹೇಗೋ ಸೆಕೆಂಡ್ ಹಾಕಿ ಪಕ್ಕಕ್ಕೆ ತಂದೆ. ಅಮ್ಮ ಒಂದು ಮಾತೂ ಆಡಲಿಲ್ಲ, ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದರು.

ಮಾರನೇ ದಿನ ನಮ್ಮೂರಿನ ಸಣ್ಣ ಗ್ಯಾರೇಜಿನವರು ಮೊದಲು ನೋಡಿದ್ದೇ ಬ್ರೇಕ್ ಆಯಿಲ್ ಡಬ್ಬ. ನನ್ನ ಗಾಡಿಯಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಅದೊಂದೇ ಡಬ್ಬ, ಆಯಿಲ್ ಮಿನಿಮಮ್ ಗೆರೆಗಿಂತ ಕೆಳಗಿತ್ತು. ಆಮೇಲೆ ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ, ಅಂದರೆ ಪೆಡಲ್ ತುಳಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗದ, ರಬ್ಬರ್ ಟೋಪಿಯನ್ನು ಸ್ವಲ್ಪ ಸರಿಸಿದರು, ಒಳಗಿಂದ ಆಯಿಲ್ ತೊಟ್ಟಿಕ್ಕಿತು. ಸೀಲ್ ಹೋಗಿತ್ತು, ಗಾಳಿ ಸೇರಿಕೊಂಡಿತ್ತು, ಅದಕ್ಕೇ ಪೆಡಲ್ ಮೆತ್ತಗಾಗಿ ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ. ಗೇರ್‌ಬಾಕ್ಸ್ ಇಳಿಸುವಾಗ ನಿಮ್ಮವರು ಕೈ ಹಾಕಿದ್ದು ಇದೇ ಜಾಗದಲ್ಲಿ. ಆಯಿಲ್ ತುಂಬಿ ಗಾಳಿ ತೆಗೆದಿದ್ದಕ್ಕೆ ಹನ್ನೊಂದು ದಿನ ಸರಿಯಾಗಿತ್ತು ಅಷ್ಟೇ, ಸೋರಿಕೆ ಹಾಗೇ ಉಳಿಯಿತು. ಹೊಸ ಸಿಲಿಂಡರ್, ಆಯಿಲ್, ಕೂಲಿ ಎಲ್ಲಾ ಸೇರಿ 2,350 ರೂಪಾಯಿ. ಈಗ ಪೆಡಲ್ ಗಟ್ಟಿಯಾಗಿದೆ, ಗೇರ್ ಸರಿಯಾಗಿ ಬೀಳುತ್ತಿದೆ.

ನಿಮ್ಮಿಂದ ಹಟ ಮಾಡಿ ತಂದಿದ್ದ ಹಳೇ ಪ್ಲೇಟ್ ಡಿಕ್ಕಿಯಲ್ಲೇ ಇತ್ತು. ಗ್ಯಾರೇಜಿನವರು ಅದನ್ನು ಬಟ್ಟೆಯಲ್ಲಿ ಒರೆಸಿ ರಿವೆಟ್ (ಪ್ಲೇಟಿನ ಪದರ ಹಿಡಿದಿಡುವ ಮೊಳೆ) ಗುಳಿಯೊಳಗೆ ಉಗುರು ಇಟ್ಟು ತೋರಿಸಿದರು. ಉಗುರು ಒಳಗೆ ಹೋಯಿತು. ಸವೆದ ಪ್ಲೇಟ್ ಆಗಿದ್ದರೆ ರಿವೆಟ್ ಮೇಲ್ಮೈಗೇ ಬಂದಿರುತ್ತದೆ. ಇನ್ನೂ ಸುಮಾರು ದಿನ ಬರುತ್ತಿದ್ದ ಪ್ಲೇಟ್ ಅದು.

ದುಡ್ಡಿನಷ್ಟೇ ನನ್ನನ್ನು ಕಾಡುತ್ತಿರುವುದು ಆ ಡಬ್ಬ. ಬ್ರೇಕಿನ ಆಯಿಲ್ ಇಳಿಯುತ್ತಿರುವ ಗಾಡಿಯನ್ನು 'ಎಲ್ಲಾ ಓಕೆ' ಅಂತ ಬರೆದು ಘಾಟಿಗೆ ಕಳಿಸಿದ್ದೀರಿ.

ಪೂರ್ತಿ 16,840 ಮತ್ತು ರಿಪೇರಿಗೆ ಕೊಟ್ಟ 2,350 ರೂಪಾಯಿ ವಾಪಸ್ ಕೊಡಿ. ಕ್ಲಚ್ ಸೆಟ್ ಬದಲಾಯಿಸಬೇಕು ಅಂತ ಯಾವ ಟೆಸ್ಟ್ ಮಾಡಿ ತೀರ್ಮಾನಿಸಿದಿರಿ ಅನ್ನುವುದನ್ನು ಬರೆದು ಕೊಡಿ. ಅಡ್ವೈಸರ್ ಆಡಿದ ಮಾತಿಗೆ ಕ್ಷಮೆ ಕೇಳಲಿ. 15 ದಿನ ಕಾಯುತ್ತೇನೆ. ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡುತ್ತೇನೆ, ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಅಂತ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಎರಡೂ ಬಿಲ್, ಜಾಬ್ ಕಾರ್ಡ್, ಸಿಲಿಂಡರಿನ ಫೋಟೋ ಇದರ ಜೊತೆಗಿವೆ. ಹಳೇ ಪ್ಲೇಟ್ ಮನೆಯಲ್ಲೇ ಇದೆ, ಯಾವತ್ತು ಬರಲಿ ಹೇಳಿ, ತಂದು ನಿಮ್ಮ ಟೇಬಲ್ ಮೇಲೆ ಇಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ, ಮೂಡಿಗೆರೆ