ಏಣಿ ಹೊತ್ತು ಬಂದ ನಮ್ಮ ಕೌನ್ಸಿಲರ್‌ಗೆ

ಹನ್ನೊಂದನೇ ದಿನ ಕರೆಂಟ್ ಬಂತು. ಮೊದಲು ಫ್ರಿಜ್ ಗುಂಯ್ ಅಂದಿತು, ಆಮೇಲೆ ನಲ್ಲಿಯಲ್ಲಿ ನೀರು. ಮಗಳು ಮನೆಯ ಲೈಟೆಲ್ಲ ಹಾಕಿಕೊಂಡು ಓಡಾಡಿದಳು. ನಾನು ಬೈಯಲಿಲ್ಲ.

2025ರ ಜನವರಿ 24ರಂದು ಐರ್ಲೆಂಡಿಗೆ ಏಓವಿನ್ ಬಿರುಗಾಳಿ ಅಪ್ಪಳಿಸಿತು. ನಮ್ಮ ಗಾಲ್ವೇ ಕೌಂಟಿಯ ಮೇಸ್ ಹೆಡ್‌ನಲ್ಲಿ ಗಾಳಿ ಗಂಟೆಗೆ 184 ಕಿಲೋಮೀಟರ್ ಮುಟ್ಟಿತ್ತು. ಈ ದೇಶದಲ್ಲಿ ಅದೇ ದಾಖಲೆ. ಪುಟ್ಟ ದೇಶ, ಅದರಲ್ಲಿ 7 ಲಕ್ಷ 68 ಸಾವಿರ ಮನೆ, ಅಂಗಡಿಗಳು ಕತ್ತಲಾದವು. ಹಳ್ಳಿ ಕಡೆ ಬಾವಿ ನೀರು, ಪಂಪ್ ನಿಂತರೆ ಅದೂ ಇಲ್ಲ. ನಮ್ಮ ಮಾಡಿನ ಸ್ಲೇಟ್ ಹಂಚು ಹಾರಿಹೋಗಿ ಮಗಳ ಕೋಣೆ ಸೋರುತ್ತಿತ್ತು. ಯಜಮಾನರು ಊರಿಗೆ ಹೋಗಿದ್ದರು. ನನ್ನ ಫೋನೂ ಸತ್ತಿತ್ತು.

ಗಾಳಿ ಇಳಿದ ಮೇಲೆ ಬಾಗಿಲು ತಟ್ಟಿದವರು ನಮ್ಮ ಕೌನ್ಸಿಲರ್. ವ್ಯಾನಿನ ಮೇಲೆ ಏಣಿ, ಕೈಯಲ್ಲಿ ಟಾರ್ಪಾಲು. ಒಂದೂ ಮಾತಾಡದೆ ಅಟ್ಟ ಹತ್ತಿ, ಟಾರ್ಚ್ ಬಿಟ್ಟು, ತೊಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮರ ಗಟ್ಟಿ ಇದೆ, ಹೆದರಬೇಡ ಅಂದರು. ಆಮೇಲೆ ಮಾಡು ಏರಿ, ತುಟಿ ನಡುವೆ ಮೊಳೆ ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಪಟ್ಟಿ ಹೊಡೆದರು. ದಾವಣಗೆರೆಯಲ್ಲಿ ನಮ್ಮ ಮನೆ ಕಟ್ಟಿದ ಮೇಸ್ತ್ರಿಯೂ ಹೀಗೇ ಮೊಳೆ ಕಚ್ಚುತ್ತಿದ್ದರು. ಕೆಳಗೆ ನಿಂತು ಏಣಿ ಹಿಡಿದಿದ್ದ ನನಗೆ ಅಳುವೇ ಬಂತು.

ಟೀ ಕುಡಿಯುವಾಗ ಅವರ ಕತೆ ಕೇಳಿದೆ. ಹದಿನಾರಕ್ಕೇ ಅಪ್ಪನ ಜೊತೆ ಗೋಡೆ ಕಟ್ಟಲು ಹೋದವರು. 2008ರಲ್ಲಿ ಇಲ್ಲಿ ಕಟ್ಟಡದ ಕೆಲಸ ನಿಂತೇಹೋಯಿತು. ಜೊತೆಗಿದ್ದ ಹುಡುಗರು ಆಸ್ಟ್ರೇಲಿಯಾ, ಕೆನಡಾ ಅಂತ ಹೊರಟುಬಿಟ್ಟರು. ಉಳಿದವರ ಪರ ಯಾರಾದರೂ ಮಾತಾಡಬೇಕಲ್ವಾ ಅಂತ 2014ರಲ್ಲಿ ಚುನಾವಣೆಗೆ ನಿಂತರಂತೆ.

ಆ ಹನ್ನೊಂದು ದಿನವೂ ಅವರ ಜೇಬಿನಲ್ಲಿ ಒಂದು ನೋಟ್‌ಬುಕ್ ಇತ್ತು. ಒಂಟಿಯಾಗಿರುವ ಮುದುಕರ ಹೆಸರು, ಎದುರಿಗೆ ಗ್ಯಾಸ್, ಮಾತ್ರೆ, ನೀರು ಅಂತ ಗುರುತು. ತಲುಪಿಸಿದ್ದಕ್ಕೆ ಬಡಗಿ ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದರು.

ಇಲ್ಲಿ ಲೋಕಲ್ ಚುನಾವಣೆಗೆ ವಾಸವಿದ್ದರೆ ಸಾಕು, ಪೌರತ್ವ ಬೇಕಿಲ್ಲ. 2024ರ ಜೂನ್‌ನಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನಾನೂ ಓಟು ಹಾಕಿದ್ದೆ. ಅಭ್ಯರ್ಥಿಗಳಿಗೆ ನಮ್ಮ ಆಯ್ಕೆಯ ಕ್ರಮದಲ್ಲಿ 1, 2, 3 ಅಂತ ನಂಬರ್ ಕೊಡಬೇಕು. ಅವರಿಗೆ ನಾನು ಕೊಟ್ಟದ್ದು 3. ಇದನ್ನು ಅವರಿಗೂ ಹೇಳಿದೆ. ನೋಡಿ ನಕ್ಕರು, ಅಷ್ಟೇ. ಮಾಡಿನ ಕೆಲಸಕ್ಕೆ ದುಡ್ಡೂ ಮುಟ್ಟಲಿಲ್ಲ.

ಸಮುದಾಯ ಭವನದಲ್ಲಿ ಬಿಸಿ ಸೂಪು ಬಡಿಸಿದ ತಾಯಂದಿರಿಗೆ, ಮಳೆಯಲ್ಲೇ ಕಂಬ ಹತ್ತಿದ ಲೈನ್‌ಮನ್‌ಗಳಿಗೆ ನಮಸ್ಕಾರ. ನಮ್ಮ ಕೌನ್ಸಿಲರ್‌ಗೆ ಜಾಸ್ತಿ ನಮಸ್ಕಾರ. ಹೊಸ ಹಂಚು ಕೂತಿದೆ. ಅವರ ಟಾರ್ಪಾಲು ತೊಳೆದು ಮಡಿಸಿ ಇಟ್ಟಿದ್ದೇನೆ. ಭಾನುವಾರ ಹೋಳಿಗೆ ಮಾಡಿಕೊಂಡು, ಮಗಳ ಜೊತೆ ಹೋಗಿ ಕೊಟ್ಟು ಬರುತ್ತೇನೆ.